ಪರರಿಗಾಗಿ ವಾಕ್ಯ ಕೇಳುವವರು

ವಾಕ್ಯ ಕೇಳುವವರು ಎಂಬ ವರ್ಗ ಕ್ರೈಸ್ತ ಸಭೆ ಇರುವ ಕಡೆಯಲ್ಲೆಲ್ಲ ಸಿಗುತ್ತದೆ. ಕಾಮಸಮುದ್ರ, ಬಂಗಾರಪೇಟೆ, ಕೆಜಿಎಫ್ ಸೀಮೆಯ ತಳಿಗೆ ಒಂದು ವಿಶೇಷವಿದೆ: ಪ್ರಸಂಗವನ್ನು ತಮಿಳಿನಲ್ಲಿ ಕೇಳಿ, ಕನ್ನಡದಲ್ಲಿ ಬರೆದುಕೊಂಡು, ಮನೆಗೆ ಬಂದು ತೆಲುಗಿನಲ್ಲಿ ಬೈಯುವುದು. ಗುರುತು ಹಿಡಿಯುವುದು ಸುಲಭ. ಮೊದಲ ಬೆಂಚು, ಜಿಪ್ ಹಾಕಿದ ಕಪ್ಪು ಚೀಲದಲ್ಲಿ ಸತ್ಯವೇದ, ಜೇಬಿನಲ್ಲಿ ಕೆಂಪು ಪೆನ್ಸಿಲು. ಅಯ್ಯನವರು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಒಂದು ‘ಸ್ತೋತ್ರ’.

ಇವರು ನಿದ್ದೆ ಮಾತ್ರ ಮಾಡುವುದಿಲ್ಲ. ಪೌಲನ ಪ್ರಸಂಗ ನಡುರಾತ್ರಿಯವರೆಗೂ ನಡೆದಾಗ ಕಿಟಕಿಯಲ್ಲಿ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ ಯುವಕನ ಕಥೆ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದಲ್ಲಿದೆ. ಅದನ್ನು ಹಿಂದಿನ ಬೆಂಚಿನವರಿಗೆ ತಪ್ಪದೆ ಓದಿ ಹೇಳುತ್ತಾರೆ. ಪೌಲನೇ ಇಳಿದು ಹೋಗಿ ಅವನನ್ನು ಅಪ್ಪಿಕೊಂಡ ಭಾಗ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತದೆ.

ಮುಖ್ಯ ಲಕ್ಷಣವೆಂದರೆ, ಕೇಳಿದ್ದೆಲ್ಲ ಬೇರೆಯವರಿಗೆ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದದ್ದು ಓದುವವನು ತನಗಾಗಿ ಓದಿಕೊಳ್ಳಲಿ ಎಂದು. ಇವರ ಪ್ರತಿಯಲ್ಲಿ ವಾಕ್ಯವಾಕ್ಯಕ್ಕೂ ಒಬ್ಬ ವಿಳಾಸದಾರ. ಕೆಂಪು ಗೆರೆ, ಅಂಚಿನಲ್ಲಿ ಹೆಸರು. ನಾಲಿಗೆಯ ಹಿಡಿತದ ಕುರಿತ ಯಾಕೋಬನ 3ನೇ ಅಧ್ಯಾಯ ನಾದಿನಿಗೆ. ಇರುವೆಯನ್ನು ನೋಡಿ ಕಲಿಯಬೇಕಾದ ಸೋಮಾರಿಯ ಮಾತು, ಜ್ಞಾನೋಕ್ತಿ 6, ಈ ಟಿಪ್ಪಣಿ ಬರೆದವರಿಗೆ. ವಿಳಾಸ ಸರಿಯಿದೆ ಎಂದು ಮನೆಯವರೂ ಒಪ್ಪಿದ್ದಾರೆ. ಕೇಳಿದಂತೆ ನಡೆಯಬೇಕೆನ್ನುವ ಯಾಕೋಬನ 1ನೇ ಅಧ್ಯಾಯದ ಪಕ್ಕದಲ್ಲಿ ಇಡೀ ಸಭೆಯ ಹೆಸರಿದೆ, ಒಂದನ್ನು ಬಿಟ್ಟು.

ಕಾಮಸಮುದ್ರದ ಕಡೆಯ ಒಂದು ಮಾದರಿಗೆ ತಮ್ಮನೊಂದಿಗೆ ಬೋರ್‌ವೆಲ್ಲಿನ ಸರದಿಯ ಜಗಳ. ತ್ರೀ ಫೇಸ್ ಕರೆಂಟು ಯಾವ ರಾತ್ರಿ ಬಂದರೂ ಅದು ಅಣ್ಣನ ಸರದಿಯೇ. ಒಂದು ಭಾನುವಾರ ಮತ್ತಾಯನ 5ನೇ ಅಧ್ಯಾಯದ ಪ್ರಸಂಗ: ಕಾಣಿಕೆ ತಂದವನು ಸಹೋದರನ ಮುನಿಸು ನೆನಪಾದರೆ ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕು. ಅಂಚಿನಲ್ಲಿ ‘ತಮ್ಮನಿಗೆ’ ಎಂದು ಬಿತ್ತು. ಆರಾಧನೆ ಮುಗಿಯಿತು, ಕಾಣಿಕೆ ತಟ್ಟೆಗೂ ಬಿತ್ತು, ಅಣ್ಣ ನೇರ ತೋಟಕ್ಕೆ ಹೋಗಿ, ಟೊಮೆಟೊ ಕ್ರೇಟು ತುಂಬುತ್ತಿದ್ದ ತಮ್ಮನ ಮುಂದೆ ನಿಂತು ಅಧ್ಯಾಯವನ್ನು ಪೂರ್ತಿ ಓದಿ, “ಬಂದು ಸಮಾಧಾನ ಆಗೋ” ಅಂದ.

“ಕಾಣಿಕೆ ಹಾಕಿದ್ದು ನೀನಲ್ವೇನಣ್ಣಾ?”

ಅಣ್ಣ ಮರುವಾರ ಯೋಚಿಸಿ ಉತ್ತರ ತಂದ: “ಅದು ಹೋದ ವಾರದ ವಾಕ್ಯ ಕಣೋ.”

ಕೆಲಸದ ದಿನಗಳಲ್ಲಿ ಈ ವರ್ಗ ಮಾರಿಕುಪ್ಪಂ–ಬೆಂಗಳೂರು ರೈಲಿನಲ್ಲಿ ಕಾಣಸಿಗುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಬೆಂಗಳೂರಿನಲ್ಲಿ ಕೂಲಿ ಹುಡುಕಿ ಹೊರಟವರಿಗೆ ಪ್ರಸಂಗ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಕಿಟಕಿ ಪಕ್ಕದ ಸೀಟು ಹಿಡಿಯಲು ಮೊದಲು ಒಳಗೆ ಬೀಳುವುದು ಸತ್ಯವೇದದ ಚೀಲ.

ಆದರೂ ಕೋಲಾರದ ಮೆಥೊಡಿಸ್ಟ್ ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದರೆ ಫ್ಲಾಸ್ಕಿನಲ್ಲಿ ಕಾಫಿ ತಂದು ರಾತ್ರಿಯಿಡೀ ಪಕ್ಕದಲ್ಲಿ ಕೂರುವವರೂ ಇವರೇ. ಕಾಡಾನೆ ತಮ್ಮನ ತೋಟಕ್ಕೆ ನುಗ್ಗಿದ ರಾತ್ರಿ ತಗಡು ಬಡಿಯುತ್ತಾ ಮೊದಲು ಓಡಿದವನು ಆ ಅಣ್ಣ. ಯಾವ ವಾಕ್ಯದಂತೆ ನಡೆದೆನೆಂದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಓದಿ ಮುಗಿಸುವುದರೊಳಗೆ ಆನೆ ಟೊಮೆಟೊ ಮುಗಿಸುತ್ತಿತ್ತು.

ಈಚೆಗೆ ಕೆಂಪು ಪೆನ್ಸಿಲಿನ ಕೆಲಸ ವಾಟ್ಸಾಪಿಗೆ ಹೋಗಿದೆ. ಒಂದು ಗಂಟೆಯ ಪ್ರಸಂಗದ ವಿಡಿಯೋ, ಕಳಿಸಿದವರು ನೋಡಿದ್ದು ಒಂದು ನಿಮಿಷ, ಬೆಳಗಿನ ಐದಕ್ಕೇ ಎಲ್ಲರಿಗೂ ಬಂದಿರುತ್ತದೆ. ತಮ್ಮನೂ ಕಲಿತಿದ್ದಾನೆ. ತ್ರೀ ಫೇಸ್ ಬಂದ ರಾತ್ರಿ ಅಣ್ಣನ ಮೊಬೈಲಿಗೆ ಮತ್ತಾಯನ 5ನೇ ಅಧ್ಯಾಯ ಹೋಗುತ್ತದೆ. ಎರಡು ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ, ಮೋಟರು ಅಣ್ಣನ ಕಡೆಗೇ ಓಡುತ್ತಿರುತ್ತದೆ.