ಮಂಡಿಗೊಪ್ಪುವ ಯುರೋಪು

ಯುರೋಪ್ ಪ್ರವಾಸದ ಜಾಹೀರಾತಿನಲ್ಲಿ ಹಿಮ ಇರುತ್ತದೆ, ಗೋಪುರ ಇರುತ್ತದೆ, ಕೆಂಪು ಕೋಟು ತೊಟ್ಟು ಕೈ ಚಾಚಿ ನಿಂತ ದಂಪತಿ ಇರುತ್ತಾರೆ. ಮಂಡಿ ಮಾತ್ರ ಇರುವುದಿಲ್ಲ. ಆ ದಂಪತಿ ಅಲ್ಲಿಗೆ ಹೇಗೆ ಹತ್ತಿದರು, ಎಲ್ಲೆಲ್ಲಿ ಕೂತು ಸುಧಾರಿಸಿಕೊಂಡರು, ಇಳಿಯುವಾಗ ಯಾರನ್ನು ಬೈದುಕೊಂಡರು ಎಂಬುದನ್ನು ಯಾವ ಟ್ರಾವೆಲ್ಸ್‌ನವರೂ ಅಚ್ಚು ಹಾಕಿಸುವುದಿಲ್ಲ.

ನಮ್ಮ ಚಿಕ್ಕಮ್ಮನಿಗೆ ಬೇಕಾಗಿದ್ದದ್ದು ಅದೊಂದೇ ಮಾಹಿತಿ. ಹಾಸನದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಭೂಗೋಳ ಪಾಠ ಮಾಡಿದವಳು ಅವಳು. ಡ್ಯಾನ್ಯೂಬ್ ನದಿ ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶ ದಾಟಿ, ಕಪ್ಪು ಸಮುದ್ರ ಸೇರುವುದನ್ನು ಗೋಡೆಯ ನಕ್ಷೆಯ ಮೇಲೆ ಬೆತ್ತದ ತುದಿಯಿಂದ ಒಂದು ತಲೆಮಾರಿಗೇ ತೋರಿಸಿದ್ದಾಳೆ. ಈಗ ಬೆತ್ತ ಹೋಗಿ ಊರುಗೋಲು ಬಂದಿದೆ. ಮಂಡಿ ಸವೆದಿದೆ, ಬದಲಾಯಿಸಬೇಕು ಅಂತ ಡಾಕ್ಟರು. ಮೊದಲು ಯುರೋಪು, ಆಮೇಲೆ ಮಂಡಿ ಅಂತ ಚಿಕ್ಕಮ್ಮ.

“ಆಪರೇಷನ್ ಮಾಡಿಸಿಕೊಂಡೇ ಹೋದರೆ ಆರಾಮಲ್ವಾ?” ಅಂದೆ.

“ಆಮೇಲೆ ಹೆಂಗಿರುತ್ತೋ ಯಾರಿಗೆ ಗೊತ್ತು? ಈಗಾದರೆ ಇನ್ನೂರು ಹೆಜ್ಜೆ ಗ್ಯಾರಂಟಿ ಕಣೋ.”

ಇನ್ನೂರು ಹೆಜ್ಜೆ, ಆಮೇಲೊಂದು ಬೆಂಚು, ಮತ್ತೆ ಇನ್ನೂರು ಹೆಜ್ಜೆ. ಮೆಟ್ಟಿಲಾದರೆ ಹತ್ತು, ಅದೂ ಹಿಡಿದುಕೊಳ್ಳಲು ಕಂಬಿ ಇದ್ದರೆ. ಈ ಅಳತೆಯಲ್ಲಿ ಯುರೋಪನ್ನು ಅಳೆಯುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದವನು ನಾನೊಬ್ಬನೇ. ಆ ಠಸ್ಸೆ ದುಬೈನದು ಎಂಬುದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಟ್ರಾವೆಲ್ಸ್ ಕಚೇರಿಯ ಹುಡುಗ ಹತ್ತು ದಿನದಲ್ಲಿ ಏಳು ದೇಶದ ಪಟ್ಟಿ ಕೊಟ್ಟ. “ವಾಕಿಂಗ್ ಏನೂ ಇಲ್ಲ ಆಂಟಿ, ಎಲ್ಲ ಕೋಚಲ್ಲೇ” ಅಂದ. ಯುರೋಪಿನ ಹಳೇ ಪೇಟೆಗಳ ಒಳಕ್ಕೆ ಇಂಥ ದೊಡ್ಡ ಬಸ್ಸುಗಳನ್ನು ಬಿಡುವುದು ಅಪರೂಪ. ಊರ ಅಂಚಿನಲ್ಲಿ ಇಳಿಸುತ್ತಾರೆ, ಮುಂದಕ್ಕೆ ಬಾವುಟ ಹಿಡಿದ ಮ್ಯಾನೇಜರನ ಹಿಂದೆ ದಂಡು ಹೊರಡುತ್ತದೆ. “ಐದೇ ನಿಮಿಷ” ಅನ್ನುತ್ತಾನೆ ಅವನು. ಆ ನಿಮಿಷಗಳು ಇಪ್ಪತ್ತೈದು ವಯಸ್ಸಿನ ಕಾಲಿನವು. ಚಿಕ್ಕಮ್ಮ ಹುಡುಗನಿಗೆ ಕೇಳಿದ್ದು ಒಂದೇ ಪ್ರಶ್ನೆ: “ಬಾವುಟ ಹಿಡಿದೋನು ಹಿಂದಕ್ಕೆ ತಿರುಗಿ ನೋಡ್ತಾನೇನಪ್ಪಾ?” ಹುಡುಗ ಕಂಪ್ಯೂಟರಿನಲ್ಲಿ ಏನೋ ಹುಡುಕತೊಡಗಿದ. ನಾವು ಎದ್ದು ಬಂದೆವು.

ಮನೆಯಲ್ಲಿ ಅಟ್ಲಾಸ್ ಹರಡಿಕೊಂಡು ಕೂತೆವು. ಮೊದಲು ಇಟಲಿ. ವೆನಿಸ್‌ನಲ್ಲಿ ರಸ್ತೆಯೇ ನೀರು, ದೋಣಿಯೇ ಸಿಟಿ ಬಸ್ಸು ಅಂದಾಗ ಚಿಕ್ಕಮ್ಮನ ಮುಖ ಅರಳಿತು. ಆದರೆ ದೋಣಿ ಇಳಿದ ಮೇಲೆ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಕೆಳಗೆ ದೋಣಿ ನುಸುಳಬೇಕಲ್ಲ, ಹಾಗಾಗಿ ಬಹುಪಾಲು ಸೇತುವೆಗಳು ಬೆನ್ನು ಉಬ್ಬಿಸಿಕೊಂಡು ನಿಂತಿವೆ. ಈ ಕಡೆ ಮೆಟ್ಟಿಲು ಹತ್ತಿ ಆ ಕಡೆ ಇಳಿಯಬೇಕು. ರೋಮಿನ ಸ್ಪ್ಯಾನಿಷ್ ಸ್ಟೆಪ್ಸ್‌ನಲ್ಲಿ 135 ಮೆಟ್ಟಿಲು. ಸುಸ್ತಾದರೆ ಅಲ್ಲೇ ಕೂರೋಣ ಅಂದರೆ 2019ರಿಂದ ಅದಕ್ಕೂ ದಂಡ. “ಕೂರಬಾರದು ಅಂದಮೇಲೆ ಅದನ್ನ ಅಷ್ಟು ಅಗಲ ಯಾಕೆ ಕಟ್ಟಿದರು?” ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂತ ಪೀಟರರ ಚರ್ಚಿನ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ಇದೆ, ಹೆಚ್ಚಿನ ದುಡ್ಡು ಕೊಟ್ಟರೆ ಹತ್ತಿಸಿಕೊಳ್ಳುತ್ತದೆ, ಹತ್ತಿಸಿಕೊಂಡು ಇನ್ನೂ 320 ಮೆಟ್ಟಿಲು ಬಾಕಿ ಇರುವಾಗ ಇಳಿಸಿಬಿಡುತ್ತದೆ. “ಅರ್ಧ ದಾರೀಲಿ ಕೈಬಿಡೋದಕ್ಕೆ ದುಡ್ಡು ಬೇರೆನಾ!” ಅಂದಳು ಚಿಕ್ಕಮ್ಮ. ಪೀಸಾದ ಗೋಪುರದಲ್ಲಿ ಲಿಫ್ಟೇ ಇಲ್ಲ. ಅದರ ಚಿತ್ರವನ್ನು ಬಹಳ ಹೊತ್ತು ನೋಡಿದ ಮೇಲೆ, “ಅದೂ ವಾಲಿದೆ, ನಾನೂ ವಾಲಿದ್ದೀನಿ. ಇಬ್ಬರೂ ದೂರದಿಂದ ನೋಡಿಕೊಳ್ಳೋದೇ ವಾಸಿ” ಎಂದು ಪುಟ ತಿರುಗಿಸಿದಳು. ಯುರೋಪಿನ ಸರಾಸರಿ ಮಳೆ, ಸರಾಸರಿ ಉಷ್ಣಾಂಶ ಎಲ್ಲ ಬಾಯಿಪಾಠ ಮಾಡಿಸಿದ್ದಳಂತೆ. ಸರಾಸರಿ ಮೆಟ್ಟಿಲು ಎಷ್ಟು ಅಂತ ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲವಂತೆ.

“ಶ್ರವಣಬೆಳಗೊಳದಲ್ಲಿ ಡೋಲಿ ಇದೆಯಲ್ಲ. ಅಲ್ಲಿಲ್ವಾ?”

ನ್ಯಾಯವಾದ ಪ್ರಶ್ನೆ. ಬಾಹುಬಲಿಯ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿದ್ದರೂ, ಆಗದವರನ್ನು ಹೊತ್ತು ಹತ್ತಿಸುವ ಏರ್ಪಾಡಿದೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ, ಹಳೇ ಬಂದರಿನಿಂದ ಮೇಲಿನ ಊರಿಗೆ ಕತ್ತೆಗಳಿವೆ ಅಂದೆ. ಆದರೆ 2018ರಲ್ಲಿ ಸರ್ಕಾರ ನಿಯಮ ಮಾಡಿದೆ: ನೂರು ಕೆ.ಜಿ. ಅಥವಾ ಕತ್ತೆಯ ತೂಕದ ಐದನೇ ಒಂದು ಭಾಗ, ಅದಕ್ಕಿಂತ ಹೆಚ್ಚು ಹೇರುವಂತಿಲ್ಲ. ಪೇಪರ್ ಓದುತ್ತಿದ್ದ ಚಿಕ್ಕಪ್ಪ ಮೊದಲ ಬಾರಿಗೆ ತಲೆಯೆತ್ತಿದರು. “ಹಂಗಾದರೆ ಇವಳಿಗೆ ಒಂದೂವರೆ ಕತ್ತೆ ಬೇಕಾಗುತ್ತೆ” ಅಂದರು. ಅಲ್ಲಿ ಕೇಬಲ್ ಕಾರೂ ಇದೆ ಎಂದು ನಾನು ಹೇಳಿದ್ದು ಆಮೇಲಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಗ್ರೀಸ್ ಅಲ್ಲಿಗೆ ಮುಗಿಯಿತು.

ಪ್ಯಾರಿಸ್ ಗೆಲ್ಲುವುದರಲ್ಲಿತ್ತು. ಐಫೆಲ್ ಗೋಪುರದಲ್ಲಿ ಲಿಫ್ಟುಗಳಿವೆ. ಲೂವ್ರ್ ಮ್ಯೂಸಿಯಂನಲ್ಲಿ ವೀಲ್‌ಚೇರ್ ಪುಕ್ಕಟೆ ಕೊಡುತ್ತಾರೆ. 1900ರಲ್ಲಿ ಶುರುವಾದ ಮೆಟ್ರೋದಲ್ಲಿ ಮೆಟ್ಟಿಲುಗಳದ್ದೇ ರಾಜ್ಯ, ಹೊಸದಾದ 14ನೇ ಮಾರ್ಗ ಮಾತ್ರ ನಮ್ಮಂಥವರಿಗೆ, ಹೋಗಲಿ, ಬಸ್ಸುಗಳಿವೆ. ಎಡವಟ್ಟಾದದ್ದು ಕಾಫಿ ಅಂಗಡಿಯಲ್ಲಿ. ಅಲ್ಲಿನ ಎಷ್ಟೋ ಹಳೇ ಕೆಫೆಗಳಲ್ಲಿ ಶೌಚಾಲಯ ಇರುವುದು ನೆಲಮಾಳಿಗೆಯಲ್ಲಿ, ಇಳಿಯುವುದು ಇಕ್ಕಟ್ಟಾದ ಸುರುಳಿ ಮೆಟ್ಟಿಲಲ್ಲಿ. ಅರವತ್ತು ದಾಟಿದವರ ಪ್ರವಾಸದಲ್ಲಿ ಮೋನಾಲಿಸಾಳಿಗಿಂತ ಇದು ಮುಖ್ಯ. ಇದನ್ನು ಒಪ್ಪದವರಿಗೆ ಇನ್ನೂ ಅರವತ್ತಾಗಿಲ್ಲ, ಅಷ್ಟೇ.

ನೆದರ್ಲೆಂಡ್ಸ್‌ನ ಬ್ರೆಡಾ ಎಂಬ ಊರಿನ ವಿಷಯ ಹೇಳಿದೆ. ಉಬ್ಬುತಗ್ಗಿನ ಹಳೇ ಹಾಸುಗಲ್ಲುಗಳ ಮೇಲೆ ಗಾಲಿಕುರ್ಚಿ ಓಡುವುದಿಲ್ಲವೆಂದು ಅವರು ಕಲ್ಲುಗಳನ್ನು ಕಿತ್ತು, ಕೊಯ್ದು, ನುಣುಪು ಭಾಗ ಮೇಲೆ ಬರುವಂತೆ ದೋಸೆ ಮಗುಚಿದ ಹಾಗೆ ಮಗುಚಿ ಹಾಸಿದರು. ಯುರೋಪಿಯನ್ ಒಕ್ಕೂಟದವರು 2019ರ ಸುಗಮ ನಗರ ಪ್ರಶಸ್ತಿಯನ್ನು ಈ ಊರಿಗೇ ಕೊಟ್ಟರು.

“ನೋಡೋಕೆ ಏನೇನಿದೆ ಅಲ್ಲಿ?” ಅಂದಳು ಚಿಕ್ಕಮ್ಮ.

“ಮುಖ್ಯವಾಗಿ ರಸ್ತೆ.”

“ರಸ್ತೆ ನೋಡೋಕೆ ಯುರೋಪಿಗಾ?”

“ಬೆಂಗಳೂರಿನವರು ಹೋಗ್ತಾರೆ ಬಿಡು” ಅಂದರು ಚಿಕ್ಕಪ್ಪ.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾದದ್ದು. ಅಲ್ಲಿನ ಸಿಟಿ ಬಸ್ಸುಗಳಿಗೆಲ್ಲ ಇಳಿಜಾರು ಹಲಗೆಯೂ ಇದೆ. ಚಿಕ್ಕಮ್ಮನ ಮನಸ್ಸು ಅತ್ತ ಸ್ವಲ್ಪ ವಾಲಿತ್ತು. ಅದಕ್ಕೆ ಬೇರೆಯೇ ವೀಸಾ ಎಂದ ಕೂಡಲೇ ಚಿಕ್ಕಪ್ಪ ಕೈಮುಗಿದು ಅದನ್ನು ಮುಂದೂಡಿದರು.

ಕೊನೆಗೆ ಉಳಿದದ್ದು ಸ್ವಿಟ್ಜರ್ಲೆಂಡ್. ಅದೂ ಏಳು ಊರಲ್ಲ, ಲುಸರ್ನ್ ಎಂಬ ಒಂದೇ ಊರು, ಒಂದೇ ಹೋಟೆಲು. ಯೂಂಗ್‌ಫ್ರಾಯೋಖ್‌ಗೆ ರೈಲೇನೋ ಹೋಗುತ್ತದೆ, ಆದರೆ ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ. ಮಂಡಿ ಉಳಿಸಲು ಹೋಗಿ ಉಸಿರು ಕಳೆದುಕೊಳ್ಳುವುದು ಬೇಡವೆಂದು ಬಿಟ್ಟೆವು. ಲುಸರ್ನ್‌ನಲ್ಲಿ ರೈಲು ನಿಲ್ದಾಣದ ಎದುರಿಗೇ ದೋಣಿಕಟ್ಟೆ. ಅಲ್ಲಿ ಕೂತರೆ ಸುಮಾರು ಒಂದು ಗಂಟೆಯಲ್ಲಿ ಫಿಟ್ಸ್‌ನೌ. ಅಲ್ಲಿ ಇಳಿದರೆ ಕಟ್ಟೆಯ ಪಕ್ಕದಲ್ಲೇ ರಿಗಿ ಬೆಟ್ಟದ ಹಲ್ಲುಹಳಿಯ ರೈಲು, 1871ರಿಂದ ಓಡುತ್ತಿರುವುದು, ಯುರೋಪಿಗೇ ಮೊದಲನೆಯದು. ರೈಲು ಬರುವುದಕ್ಕೆ ಮುಂಚೆ ಅಲ್ಲಿ ಅನುಕೂಲಸ್ಥರನ್ನು ಕುರ್ಚಿಯಲ್ಲಿ ಕೂರಿಸಿ ಆಳುಗಳು ಬೆಟ್ಟಕ್ಕೆ ಹೊರುತ್ತಿದ್ದರಂತೆ. “ನೋಡಿದ್ಯಾ, ಡೋಲಿ!” ಎಂದು ಚಿಕ್ಕಮ್ಮ ಚಿಕ್ಕಪ್ಪನ ಕಡೆ ತಿರುಗಿ ಗೆದ್ದವಳಂತೆ ಕೂತಳು.

ಇನ್ನೊಂದು ದಿನಕ್ಕೆ ಗ್ಲೇಸಿಯರ್ ಎಕ್ಸ್‌ಪ್ರೆಸ್. ಜರ್ಮಾಟ್‌ನಿಂದ ಸೇಂಟ್ ಮಾರಿಟ್ಜ್‌ಗೆ ಎಂಟು ಗಂಟೆ ತೆಗೆದುಕೊಳ್ಳುವ, ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಎಂದು ತಾನೇ ಹೇಳಿಕೊಳ್ಳುವ ರೈಲು. ದಾರಿಯಲ್ಲಿ 91 ಸುರಂಗ, 291 ಸೇತುವೆ. ವೆನಿಸ್‌ನಲ್ಲಾದರೆ ಸೇತುವೆಗಳ ಖರ್ಚೆಲ್ಲ ನಮ್ಮ ಮಂಡಿಯದು, ಇಲ್ಲಿ ರೈಲಿನದು. ಊಟವನ್ನೂ ಕೂತಲ್ಲಿಗೇ ತಂದುಕೊಡುತ್ತಾರೆ. ಮದುವೆ ಮನೆಯಲ್ಲೂ ಈಗ ಆ ಮರ್ಯಾದೆ ಸಿಗುತ್ತಿಲ್ಲ ಅಂದಳು ಚಿಕ್ಕಮ್ಮ.

ಹೋಟೆಲಿನವರೊಂದಿಗೆ ಪತ್ರವ್ಯವಹಾರ ನಡೆಯಿತು. ಲಿಫ್ಟ್ ಇದೆಯೇ? ಇದೆ. ಲಿಫ್ಟಿಗೆ ಮುಂಚೆ ಮೆಟ್ಟಿಲಿದೆಯೇ? ಮೂರು ದಿನ ಮೌನ, ಆಮೇಲೆ ‘ನಾಲ್ಕೇ ನಾಲ್ಕು’ ಎಂಬ ಉತ್ತರ. ಇನ್ನೊಂದು ಹೋಟೆಲಿನಲ್ಲಿ ಮೆಟ್ಟಿಲಿರಲಿಲ್ಲ, ಸ್ನಾನಕ್ಕೆ ಮಾತ್ರ ತೊಟ್ಟಿ. ಮೊಣಕಾಲೆತ್ತರದ ಅಂಚು ದಾಟಿ ಒಳಗಿಳಿಯುವ ಆ ತೊಟ್ಟಿಯನ್ನು ಕಂಡುಹಿಡಿದವನ ಮಂಡಿ ಗಟ್ಟಿಯಿದ್ದಿರಬೇಕು. ಮೂರನೆಯದು ಒಪ್ಪಿಗೆಯಾಯಿತು.

ವಿಮಾನ ನಿಲ್ದಾಣದ ವೀಲ್‌ಚೇರಿಗೆ ಮಾತ್ರ ಚಿಕ್ಕಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ಹಾಸನದೋರು ಯಾರಾದರೂ ನೋಡಿದರೆ?” ಯುರೋಪಿನಲ್ಲಿ 2006ರ ಕಾನೂನಿನ ಪ್ರಕಾರ ಇದು ಹಕ್ಕು, 48 ಗಂಟೆ ಮುಂಚೆ ತಿಳಿಸಿದರೆ ಸಾಕು, ಕಾಸು ಕೊಡಬೇಕಾಗಿಲ್ಲ ಎಂದೆಲ್ಲ ವಿವರಿಸಿದೆ. ಹಕ್ಕಿಗೆ ಬಗ್ಗಲಿಲ್ಲ. ಕುರ್ಚಿಯವರಿಗೆ ಇಮಿಗ್ರೇಷನ್ ಸಾಲಿನಲ್ಲಿ ಕಾಯುವ ಗೋಳು ಕಡಿಮೆ ಅಂದೆ. “ಹಂಗಾದರೆ ನಿಮ್ಮ ಚಿಕ್ಕಪ್ಪನಿಗೂ ಒಂದು ಬರೆಸು” ಅಂದಳು.

ಚಿಕ್ಕಪ್ಪನಿಗೆ ಕುರ್ಚಿ ಬೇಕಿರಲಿಲ್ಲ. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆದು ಬಂದು ಆ ಸಂಗತಿಯನ್ನು ಮಧ್ಯಾಹ್ನದವರೆಗೂ ಹೇಳುವವರು ಅವರು. ಎಲ್ಲ ಬುಕ್ ಆದಮೇಲೆ ಗೊಣಗಿದರು: “ದೋಣೀಲಿ ಕೂರೋದು, ರೈಲಲ್ಲಿ ಕೂರೋದು. ಅಷ್ಟು ದುಡ್ಡು ಕೊಟ್ಟು ನಾನೇನು ಮಾಡಲಿ ಅಲ್ಲಿ?”

“ನೀವು ರಿಗಿ ಬೆಟ್ಟಾನ ನಡೆದೇ ಹತ್ತಿ. ನಾನು ರೈಲಲ್ಲಿ ಹೋಗಿ ಮೇಲೆ ಕಾಫಿ ಕುಡೀತಾ ಇರ್ತೀನಿ.”

ಸುಮ್ಮನಿರಲಾರದೆ ನಾನು ಮಾರ್ಕ್ ಟ್ವೇನ್‌ನ ಕಥೆ ಹೇಳಿದೆ. ಮೂರು ಗಂಟೆ ಚಿಲ್ಲರೆಯಲ್ಲಿ ಹತ್ತಬಹುದೆಂದು ಗೈಡ್ ಪುಸ್ತಕ ಹೇಳಿದ್ದ ಅದೇ ರಿಗಿಗೆ ಮೂರು ದಿನ ತೆಗೆದುಕೊಂಡೆ ಎಂದು ಆತ ಬರೆದುಕೊಂಡಿದ್ದಾನೆ. ಇಳಿಯುವಾಗ ತೆಪ್ಪಗೆ ರೈಲು ಹತ್ತಿದ.

ಚಿಕ್ಕಮ್ಮ ಕೋಲೂರಿ ಎದ್ದು ಅಡುಗೆಮನೆ ಕಡೆ ಹೊರಟಳು. “ಹಂಗಾದರೆ ರೀ, ಮೂರು ದಿನಕ್ಕಾಗೋಷ್ಟು ಚಪಾತಿ ಮಾಡಿಕೊಂಡು ಬರ್ತೀನಿ.”