ಗೃಹಸ್ಥಾನಾಂತರ ಮೀಮಾಂಸೆ: ಧಾರವಾಡದಿಂದ ಬೆಂಗಳೂರಿಗೆ ಸಂಸಾರ ಸಾಗಿಸುವ ಆಯವ್ಯಯದ ಶಾಸ್ತ್ರೀಯ ವಿವೇಚನೆ

1. ಅನುಬಂಧ ಚತುಷ್ಟಯ

ಯಾವ ಶಾಸ್ತ್ರಗ್ರಂಥವೇ ಆಗಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕನ್ನು, ಅಂದರೆ ಓದಲು ಅರ್ಹನು ಯಾರು, ಹೇಳಿರುವುದೇನು, ಗ್ರಂಥಕ್ಕೂ ಹೇಳಿದ್ದಕ್ಕೂ ಇರುವ ನಂಟೇನು, ಓದಿದವನಿಗೆ ದಕ್ಕುವುದೇನು ಎಂಬುದನ್ನು, ಆರಂಭದಲ್ಲಿಯೇ ಅರುಹಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿಯು ವರ್ಗಾವಣೆಯ ಆದೇಶವನ್ನೋ ಹೊಸ ನೌಕರಿಯ ಪತ್ರವನ್ನೋ ಕೈಯಲ್ಲಿ ಹಿಡಿದು ನಿಂತಿರುವ ಗೃಹಸ್ಥ. ವಿಷಯವು ಧಾರವಾಡದ ಮನೆಯೊಂದರಲ್ಲಿರುವುದೆಲ್ಲವನ್ನೂ ಸುಮಾರು 430 ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ, ಅದರ ಅರ್ಧದಷ್ಟೇ ಜಾಗವಿರುವ ಮನೆಯೊಂದಕ್ಕೆ ತುಂಬುವುದು. ಸಂಬಂಧವು ಅಂದಾಜಿಗೂ ವಾಸ್ತವಕ್ಕೂ ಇರಬೇಕಾದ, ಆದರೆ ಈವರೆಗೆ ಯಾರ ಕಣ್ಣಿಗೂ ಬೀಳದಿರುವ ನಂಟು. ಪ್ರಯೋಜನವನ್ನು ಸಂಪ್ರದಾಯದಂತೆ ಕೊನೆಯ ಫಲಶ್ರುತಿಯಲ್ಲಿ ತಿಳಿಸಲಾಗುವುದು.

ಇಂಥ ಘನವಾದ ವಿಷಯವನ್ನು ಪ್ರಾಚೀನರು ಕೈಬಿಟ್ಟದ್ದೇಕೆ ಎಂಬುದು ವಿಚಾರಣೀಯ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಆನೆ, ಕುದುರೆ, ಅಡುಗೆ, ಮೀನು ಹಿಡಿಯುವ ವಿನೋದ ಎಲ್ಲಕ್ಕೂ ಎಡೆಯಿದ್ದರೂ ಮನೆಸಾಮಾನು ಕಟ್ಟುವುದಕ್ಕೆ ಒಂದು ಅಧ್ಯಾಯವೂ ಮೀಸಲಾಗಿಲ್ಲ. ಅವನ ತಾತನಾದ ಒಂದನೆಯ ಸೋಮೇಶ್ವರನು ರಾಜಧಾನಿಯನ್ನೇ ಮಾನ್ಯಖೇಟದಿಂದ ಕಲ್ಯಾಣಕ್ಕೆ ಸಾಗಿಸಿದ್ದನೆಂಬುದನ್ನು ನೆನೆದರೆ, ಈ ಮೌನವನ್ನು ಮರೆವೆಂದು ತಳ್ಳಿಹಾಕುವುದಕ್ಕಿಂತ, ಆ ಸಾಗಣೆಯ ಲೆಕ್ಕ ಮೊಮ್ಮಗನ ಕಾಲಕ್ಕೂ ಅರಮನೆಯಲ್ಲಿ ತಾಳೆಯಾಗಿರಲಿಲ್ಲವೆಂದು ಊಹಿಸುವುದೇ ಯುಕ್ತವಾಗಿದೆ.

2. ಪೂರ್ವಪಕ್ಷ

ಪೂರ್ವಪಕ್ಷವೆಂದರೆ ಮುಂದೆ ಖಂಡಿಸುವ ಸಲುವಾಗಿಯೇ ಮೊದಲು ಗೌರವದಿಂದ ಮಂಡಿಸುವ ಎದುರಾಳಿಯ ವಾದ. ಇಲ್ಲಿ ಎದುರಾಳಿಯು ಹೇಳುವುದೇನೆಂದರೆ, ಎರಡು ತಿಂಗಳು ಮುಂಚೆಯೇ ಯೋಜನೆ ಹಾಕಿಕೊಂಡು, ಖರ್ಚನ್ನು ಬಾಬುವಾರು ಬರೆದಿಟ್ಟು, ಅದರ ಮೇಲೆ ಶೇಕಡಾ ಹತ್ತನ್ನು ಆಪತ್ತಿಗೆಂದು ಸೇರಿಸಿದರೆ ಸಾಗಣೆಯು ಸುಗಮವಾಗುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿಯೇ ಈ ನಂಬಿಕೆಗೆ ಯೋಜನಾಭ್ರಾಂತಿ ಎಂಬರ್ಥದ ಹೆಸರನ್ನಿಟ್ಟು, ಮನುಷ್ಯನು ಹಿಂದಿನ ಅನುಭವಗಳನ್ನು ಬದಿಗಿಟ್ಟು ಎಲ್ಲವೂ ಸರಿಹೋದರೆ ಆಗುವ ಖರ್ಚನ್ನೇ ಆಗಲಿರುವ ಖರ್ಚೆಂದು ಬರೆದುಕೊಳ್ಳುತ್ತಾನೆಂದು ತೋರಿಸಿದ್ದಾರೆ. ಆದರೆ ಅವರಿಗಿಂತ ಆರೂವರೆ ಶತಮಾನ ಮೊದಲೇ ಈ ವಿಷಯದಲ್ಲಿ ದೊಡ್ಡ ಪ್ರಮಾಣದ ಪ್ರಯೋಗವೊಂದು ನಡೆದುಹೋಗಿದೆ.

1327ರಲ್ಲಿ ಮುಹಮ್ಮದ್ ಬಿನ್ ತುಘಲಕನು ದಿಲ್ಲಿಯಿಂದ ದೌಲತಾಬಾದಿಗೆ, ಎಂದರೆ ಹಳೆಯ ದೇವಗಿರಿಗೆ, ರಾಜಧಾನಿಯನ್ನು ಸಾಗಿಸಿದ ಪ್ರಸಂಗವು ಗಿರೀಶ ಕಾರ್ನಾಡರ 1964ರ ನಾಟಕದಿಂದ ಕನ್ನಡಿಗರಿಗೆ ಚೆನ್ನಾಗಿ ಪರಿಚಿತ. ಆ ಸಾಗಣೆಯು ಬಜೆಟ್ಟಿಲ್ಲದೆ ಕೆಟ್ಟಿತೆಂಬ ಜನಜನಿತ ಅಭಿಪ್ರಾಯಕ್ಕೆ ಆಧಾರವಿಲ್ಲ. ಹೊರಟವರಿಗೆ ಸುಲ್ತಾನನು ದಾರಿಖರ್ಚನ್ನೂ ನೆಲೆಯೂರಲು ನೆರವನ್ನೂ ಧಾರಾಳವಾಗಿ ಕೊಟ್ಟನೆಂದು ಇತಿಹಾಸಕಾರ ಬರನಿ ಬರೆದಿದ್ದಾನೆ, ನಲವತ್ತು ದಿನಗಳ ಆ ದಾರಿಯುದ್ದಕ್ಕೂ ಸಾಲುಮರಗಳಿದ್ದುವೆಂದು ಪ್ರವಾಸಿ ಇಬ್ನ್ ಬತೂತನು ಹೇಳಿದ್ದಾನೆ. ಹಣವಿತ್ತು, ಯೋಜನೆಯಿತ್ತು, ನೆರಳೂ ಇತ್ತು. ಆದರೂ ಕೆಲವೇ ವರ್ಷಗಳಲ್ಲಿ ರಾಜಧಾನಿಯು ದಿಲ್ಲಿಗೆ ಹಿಂದಿರುಗಬೇಕಾಯಿತು. ಈ ವೈಫಲ್ಯದ ಮೂಲವು ಹಣದಲ್ಲಿರದೆ ಬೇರೆಲ್ಲೋ ಇದೆಯೆಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

3. ದ್ರವ್ಯವಿಚಾರ

ಸಾಗಿಸಬೇಕಾದ ವಸ್ತುಗಳನ್ನು ತೂಕ, ಗಾತ್ರ, ಬೆಲೆಗಳಿಂದ ವಿಂಗಡಿಸುವುದು ಲಾರಿಯವರ ಪದ್ಧತಿ. ಶಾಸ್ತ್ರವಾದರೋ ಅವನ್ನು ನಿಷೇಧಾಧಿಕಾರದಿಂದ ವಿಂಗಡಿಸುತ್ತದೆ. ನಿಷೇಧಾಧಿಕಾರವೆಂದರೆ ಒಂದು ವಸ್ತುವನ್ನು ಗುಜರಿಗೆ ಹಾಕಲು ಬಿಡದಿರುವ ಶಕ್ತಿ. ಐದು ವರ್ಷಗಳಿಂದ ಹಿಟ್ಟು ಕಾಣದ ಬೀಸುವ ಕಲ್ಲು ಹಾಗೂ ತಳ ಸೋರುವ ತಾಮ್ರದ ಹಂಡೆ ಅಜ್ಜಿಯ ಅಧಿಕಾರಕ್ಕೆ ಒಳಪಟ್ಟವು. ಮದುವೆಯಲ್ಲಿ ಬಂದು ಇನ್ನೂ ಬಣ್ಣದ ಕಾಗದದಲ್ಲಿಯೇ ಇರುವ ಗೋಡೆ ಗಡಿಯಾರಗಳೂ ಸ್ಟೀಲಿನ ಡಿನ್ನರ್ ಸೆಟ್ಟುಗಳೂ, ಕೊಟ್ಟವರು ಬೆಂಗಳೂರಿನಲ್ಲಿಯೇ ಇದ್ದಾರೆಂಬ ಬಲವಾದ ಕಾರಣದಿಂದ, ಮನೆಯೊಡತಿಯ ಅಧಿಕಾರಕ್ಕೆ ಸೇರಿದವು. ಮುರಿದ ಕ್ಯಾರಂ ಬೋರ್ಡು ಮಕ್ಕಳದ್ದು. ಇವೆಲ್ಲಕ್ಕೂ ಮಿಗಿಲಾದುದು ಟಿವಿಯ ರಟ್ಟಿನ ಪೆಟ್ಟಿಗೆ: ಮುಂದೆಂದಾದರೂ ಮನೆ ಬದಲಿಸುವಾಗ ಬೇಕಾದೀತೆಂದು ವರ್ಷಾನುಗಟ್ಟಲೆ ಅಟ್ಟದ ಮೇಲೆ ಕಾಪಾಡಿಕೊಂಡು ಬಂದ ಈ ಪೆಟ್ಟಿಗೆಯನ್ನು ಆ ದಿನ ಕೆಳಗಿಳಿಸಿದಾಗ, ಈ ನಡುವೆ ಟಿವಿಯೇ ಬದಲಾಗಿ ಹೊಸದು ಅದರಲ್ಲಿ ಹಿಡಿಸುವುದಿಲ್ಲವೆಂದು ಗೊತ್ತಾಗುತ್ತದೆ, ಆದರೂ ಪೆಟ್ಟಿಗೆ ಬೆಂಗಳೂರಿಗೆ ಹೋಗುತ್ತದೆ, ಏಕೆಂದರೆ ಮುಂದೆಯೂ ಮನೆ ಬದಲಿಸುವುದಿದೆ.

ತೂಕವು ಅಧಿಕಾರವನ್ನು ಅನುಸರಿಸುತ್ತದೆಂಬ ತತ್ತ್ವವನ್ನು ಸರ್ಕಾರವೂ ಒಪ್ಪಿದೆ. ಏಳನೆಯ ವೇತನ ಆಯೋಗದ ನಂತರದ ನಿಯಮಗಳ ಪ್ರಕಾರ ವರ್ಗಾವಣೆಗೊಂಡ ಕೇಂದ್ರ ಸರ್ಕಾರಿ ನೌಕರನು ವೇತನಶ್ರೇಣಿಯ ಆರನೆಯ ಹಂತ ಹಾಗೂ ಅದಕ್ಕಿಂತ ಮೇಲಿದ್ದರೆ 6,000 ಕಿಲೋ, ಐದನೆಯದರಲ್ಲಿದ್ದರೆ 3,000 ಕಿಲೋ, ನಾಲ್ಕು ಅಥವಾ ಅದಕ್ಕಿಂತ ಕೆಳಗಿದ್ದರೆ 1,500 ಕಿಲೋ ಸಾಮಾನನ್ನು ಸರ್ಕಾರದ ಖರ್ಚಿನಲ್ಲಿ ಸಾಗಿಸಬಹುದು. ಆದರೆ ಕಚೇರಿಯಲ್ಲಿ ಹಂತ ಏರಿದಂತೆ ತೂಕ ಏರಿದರೆ, ಮನೆಯಲ್ಲಿ ಅದು ತಲೆಕೆಳಗಾಗುತ್ತದೆ: ಸಂಬಳ ತರುವವನ ಸ್ವಂತ ಸಾಮಾನೆಂದು ಲಾರಿಗೆ ಏರುವುದು ಒಂದು ಷೇವಿಂಗ್ ಸೆಟ್ಟು, ಒಂದು ಕಡತ ಮಾತ್ರ. ಬಜೆಟ್ಟು ಬರೆಯುವ ಕೆಲಸವನ್ನು ಅವನಿಗೆ ವಹಿಸಿರುವುದು ಈ ಲಘುತ್ವದ ಪರಿಹಾರಾರ್ಥವಾಗಿ ಎಂದು ತೋರುತ್ತದೆ.

ಎಲ್ಲರ ಅಧಿಕಾರಕ್ಕೂ ಹೊರಗೆ ನಿಲ್ಲುವ ವಸ್ತುವೆಂದರೆ 14.2 ಕಿಲೋದ ಅಡುಗೆ ಅನಿಲದ ಸಿಲಿಂಡರು. ಇದನ್ನು ಲಾರಿಗೆ ಹೇರುವಂತಿಲ್ಲ. ರೆಗ್ಯುಲೇಟರಿನೊಡನೆ ಹಳೆಯ ಊರಿನ ಏಜೆನ್ಸಿಗೆ ಒಪ್ಪಿಸಿ, ಠೇವಣಿ ಮರಳಿ ಪಡೆದು, ಕೊಟ್ಟ ವೋಚರನ್ನು ಹೊಸ ಊರಿನ ಏಜೆನ್ಸಿಗೆ ತೋರಿಸಿ ಬೇರೊಂದನ್ನು ತರಬೇಕು. ಜೀರ್ಣವಾದ ದೇಹವನ್ನು ತೊರೆದು ಕರ್ಮದ ಚೀಟಿಯೊಂದಿಗೆ ಹೊಸ ದೇಹವನ್ನು ಸೇರುವ ಆತ್ಮದ ಹಾಗೆ ಇಡೀ ಮನೆಯಲ್ಲಿ ಪ್ಯಾಕಿಂಗ್ ಖರ್ಚಿಲ್ಲದೆ ಪ್ರಯಾಣಿಸುವುದು ಇದೊಂದೇ.

4. ಕಾಲವಿಚಾರ

ಸಾಗಣೆಗೆ ಯೋಗ್ಯವಾದ ದಿನವನ್ನು ನಿರ್ಣಯಿಸಲು ವ್ಯವಕಲನವೇ, ಎಂದರೆ ಕಳೆಯುವ ಲೆಕ್ಕವೇ, ಸಾಧನ. ವರ್ಷದಿಂದ ಆಷಾಢವನ್ನೂ ಪಿತೃಪಕ್ಷವನ್ನೂ ಧನುರ್ಮಾಸವನ್ನೂ ಕಳೆದು, ಉಳಿದುದರಿಂದ ಮಂಗಳವಾರಗಳನ್ನು ತೆಗೆದು, ಮಕ್ಕಳ ಪರೀಕ್ಷೆಗಳನ್ನು ಬಿಟ್ಟು, ಪ್ರತಿದಿನದ ಒಂದೂವರೆ ತಾಸಿನ ರಾಹುಕಾಲವನ್ನು ಹೊರಗಿಟ್ಟರೆ ಮೇ ತಿಂಗಳ ಕೊನೆಯ ಒಂದೆರಡು ಮುಂಜಾವುಗಳು ಉಳಿಯುತ್ತವೆ. ಇದೇ ಲೆಕ್ಕವನ್ನು ರಾಜ್ಯದ ಉಳಿದ ಗೃಹಸ್ಥರೂ ಮಾಡಿರುವುದರಿಂದ ಆ ಮುಂಜಾವಿನಲ್ಲಿ ಲಾರಿಯ ಬಾಡಿಗೆಯೂ ಹಮಾಲಿಯೂ ಏರಿರುತ್ತವೆ. ಇಷ್ಟೆಲ್ಲ ಶುದ್ಧಿಯಿಂದ ಹೊರಟ ಲಾರಿಯು ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ದಾಟಿ ಬಂದು, ನಗರದೊಳಗೆ ಭಾರಿ ವಾಹನಗಳಿಗೆ ಪ್ರವೇಶವಿಲ್ಲದ ಹೊತ್ತೆಂಬ ಕಾರಣಕ್ಕೆ ನೆಲಮಂಗಲದ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹಾಲುಕ್ಕಿಸುವ ಪಾತ್ರೆ ಅದರೊಳಗೇ ಇರುವುದರಿಂದ ಮುಹೂರ್ತವು ಪಕ್ಕದ ಮನೆಯವರ ಪಾತ್ರೆಯಲ್ಲಿ ನೆರವೇರುತ್ತದೆ.

5. ಅಭಾವವಿಚಾರ

ವೈಶೇಷಿಕರು ಅಭಾವವನ್ನು, ಅಂದರೆ ಇಲ್ಲದಿರುವಿಕೆಯನ್ನು, ಏಳನೆಯ ಪದಾರ್ಥವೆಂದು ಒಪ್ಪಿ ಅದರಲ್ಲಿ ನಾಲ್ಕು ಬಗೆಗಳನ್ನು ಎಣಿಸಿದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಈ ನಾಲ್ಕೂ ಪ್ರತ್ಯಕ್ಷ.

ಮೊದಲನೆಯದು ಪ್ರಾಗಭಾವ: ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. ಅಡ್ವಾನ್ಸಿನ ಹಣವು ಇದಕ್ಕೆ ದೃಷ್ಟಾಂತ. 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆಂದು ಸೂಚಿಸಿದರೂ, ಮಾದರಿಯೆಂಬುದು ನೋಡಿ ಸಂತೋಷಪಡುವುದಕ್ಕೆ ಇರುವುದರಿಂದ, ಬೆಂಗಳೂರಿನ ಹಳೆಯ ರೂಢಿ ಹತ್ತು ತಿಂಗಳಿನದು. ಬಾಡಿಗೆ 25,000 ರೂಪಾಯಿಯೆಂದಿಟ್ಟುಕೊಂಡರೆ ಅಡ್ವಾನ್ಸು ಎರಡೂವರೆ ಲಕ್ಷ, ಬ್ರೋಕರಿಗೆ ಒಂದು ತಿಂಗಳಿನದು, ಮೊದಲ ತಿಂಗಳ ಬಾಡಿಗೆ ಬೇರೆ. ಲಾರಿಯ ಚಕ್ರ ಉರುಳುವ ಮೊದಲೇ ಮೂರು ಲಕ್ಷ. ಅನಾದಿಕಾಲದಿಂದ ಇಲ್ಲದಿದ್ದ ಈ ಹಣದ ಅಭಾವವು ಒಡವೆ ಅಡವಿಟ್ಟ ದಿನ ಕೊನೆಗೊಳ್ಳುತ್ತದೆ.

ಎರಡನೆಯದು ಪ್ರಧ್ವಂಸಾಭಾವ: ನಾಶದ ಬಳಿಕದ ಇಲ್ಲದಿರುವಿಕೆ, ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಶೋಕೇಸಿನ ಗಾಜು ಚಿತ್ರದುರ್ಗದ ಬಳಿ ಒಡೆಯುವುದು ಇದರ ಆದಿ. ವಿಮೆಯಿಂದ ಅಂತ್ಯ ಕಾಣಿಸಬಹುದೆಂದು ನಂಬುವವರು, ಸಾಗಣೆ ವಿಮೆಯ ಕಂತು ಮಾಲೀಕನೇ ಘೋಷಿಸಿದ ಮೌಲ್ಯವನ್ನು ಅವಲಂಬಿಸಿದೆಯೆಂಬುದನ್ನು ಮರೆಯಬಾರದು. ಹಿಂದಿನ ರಾತ್ರಿ ವಾದದಲ್ಲಿ ಬೆಲೆಕಟ್ಟಲಾಗದ್ದೆನಿಸಿಕೊಂಡ ಹಂಡೆ, ಬೆಳಿಗ್ಗೆ ಕಂತು ಕಟ್ಟುವ ಅರ್ಜಿಯಲ್ಲಿ ಇನ್ನೂರು ರೂಪಾಯಿಗೆ ಇಳಿದಿರುತ್ತದೆ.

ಮೂರನೆಯದು ಅತ್ಯಂತಾಭಾವ: ಭೂತ, ಭವಿಷ್ಯತ್, ವರ್ತಮಾನಗಳಲ್ಲಿ ಎಂದೂ ಇಲ್ಲದಿರುವುದು. ಮನೆ ಬಿಡುವಾಗ ಅಡ್ವಾನ್ಸು ಪೂರ್ತಿಯಾಗಿ ಮರಳುವುದು ಈ ವರ್ಗದ್ದು. ಗೋಡೆಗೆ ಮೊಳೆ ಹೊಡೆದಿರಲಿ, ಬಿಡಲಿ, ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಶಿಷ್ಟಾಚಾರ. 

ನಾಲ್ಕನೆಯದು ಅನ್ಯೋನ್ಯಾಭಾವ: ಒಂದು ಇನ್ನೊಂದಲ್ಲದಿರುವುದು, ಘಟವು ಪಟವಲ್ಲವೆಂಬಂತೆ. ಬ್ರೋಕರು ಬಣ್ಣಿಸಿದ ಮನೆಯಲ್ಲಿ ಕಾವೇರಿ ನೀರು ಸದಾ ಬರುತ್ತದೆ. ಕೀಲಿ ಕೈಗೆ ಬಂದ ಮನೆಯಲ್ಲಿ ಟ್ಯಾಂಕರಿನವನ ಫೋನ್ ನಂಬರು ಗೋಡೆಯ ಮೇಲಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದರಿಂದ ಕರಾರುಪತ್ರ ಹನ್ನೊಂದೇ ತಿಂಗಳಿನದಾಗಿದ್ದು, ಈ ಎರಡು ಮನೆಗಳು ಒಂದೇ ಅಲ್ಲವೆಂದು ಸಿದ್ಧಪಡಿಸುವಷ್ಟರಲ್ಲಿ ಅವಧಿ ಮುಗಿಯುತ್ತದೆ.

6. ಆಕ್ಷೇಪ, ಸಮಾಧಾನ

ಇಲ್ಲಿ ಆಕ್ಷೇಪವೊಂದು ಏಳುತ್ತದೆ: ಸಾಗಿಸುವ ಖರ್ಚು ಸಾಮಾನಿನ ಬೆಲೆಗಿಂತ ಹೆಚ್ಚಾದಲ್ಲಿ ಎಲ್ಲವನ್ನೂ ಅಲ್ಲಿಯೇ ಮಾರಿ ಇಲ್ಲಿ ಹೊಸದನ್ನು ಕೊಳ್ಳಬಾರದೇಕೆ? ಬಳಸಿದ ಮನೆಸಾಮಾನಿಗೆ, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲಿನಿಂದ ವಿನಾಯಿತಿ ಇರುವುದನ್ನು ನೋಡಿದರೆ ಕಾನೂನೇ ಅದನ್ನು ಸರಕಿನ ಲೆಕ್ಕಕ್ಕೆ ಹಿಡಿದಂತಿಲ್ಲವಲ್ಲ? ಸಮಾಧಾನ ಹೀಗಿದೆ: ಈ ವಾದ ತರ್ಕದಲ್ಲಿ ನಿರ್ದುಷ್ಟವಾಗಿದ್ದರೂ ಅದನ್ನು ಅಜ್ಜಿಯ ಮುಂದೆ ಮಂಡಿಸಿದ ತಾರ್ಕಿಕನೊಬ್ಬನೂ ಪರಂಪರೆಯಲ್ಲಿ ದಾಖಲಾಗಿಲ್ಲ, ಆದ್ದರಿಂದ ಅನುಪಲಬ್ಧಿ ಪ್ರಮಾಣದಿಂದ, ಅಂದರೆ ಕಾಣಸಿಗದಿರುವುದನ್ನೇ ಆಧಾರವಾಗಿಟ್ಟುಕೊಂಡು, ಆಕ್ಷೇಪವು ಬಿದ್ದುಹೋಗುತ್ತದೆ.

7. ಸಿದ್ಧಾಂತ ಮತ್ತು ಫಲಶ್ರುತಿ

ಈವರೆಗಿನ ವಿವೇಚನೆಯಿಂದ ಸಿದ್ಧವಾದುದಿಷ್ಟು: ಮನೆ ಸಾಗಣೆಯ ಬಜೆಟ್ಟು ಹಣವನ್ನು ಅಳೆಯುವ ಸಾಧನವಲ್ಲ, ಮನೆಯೊಳಗಿನ ಅಧಿಕಾರವನ್ನು ಅಳೆಯುವ ಸಾಧನ, ಬಜೆಟ್ಟು ಬರೆಯುವವನಿಗೆ ಅಧಿಕಾರವಿರುವುದಿಲ್ಲ, ಅಧಿಕಾರವಿರುವವರು ಬಜೆಟ್ಟು ಬರೆಯುವುದಿಲ್ಲ, ಈ ವಿಭಜನೆಯೇ ಸಂಸಾರವನ್ನು ಒಡೆಯದೆ ಊರಿಂದೂರಿಗೆ ತಲುಪಿಸುತ್ತದೆ. ತುಘಲಕನ ಪ್ರಸಂಗದಲ್ಲಿ ಎರಡೂ ಒಬ್ಬನಲ್ಲಿಯೇ ಸೇರಿದ್ದುವು. ಬೀಸುವ ಕಲ್ಲನ್ನು ಬಿಟ್ಟು ತಾನು ಬರುವುದಿಲ್ಲವೆಂದು ಹೊಸಿಲ ಮೇಲೆ ಕುಳಿತು ಹಟ ಹಿಡಿಯುವ ಅಜ್ಜಿಯೊಬ್ಬಳು ಆ ಅರಮನೆಯಲ್ಲಿ ಇದ್ದಿದ್ದರೆ ದಿಲ್ಲಿ ಖಾಲಿಯಾಗುತ್ತಿರಲಿಲ್ಲ.

ಇನ್ನು ಫಲಶ್ರುತಿ. ಈ ಶಾಸ್ತ್ರವನ್ನು ಶ್ರದ್ಧೆಯಿಂದ ಓದಿ ಅಂದಾಜುಪಟ್ಟಿ ಬರೆದವನಿಗೂ, ಓದದೆ ಲಾರಿ ಹತ್ತಿದವನಿಗೂ ಖರ್ಚು ಸಮಾನವಾಗಿಯೇ ಆಗುತ್ತದೆ. ಓದಿದವನಿಗೆ ಮಾತ್ರ, ಕಳೆದುಹೋದ ಪ್ರತಿಯೊಂದು ರೂಪಾಯಿಯೂ ಯಾವ ಅಭಾವಕ್ಕೆ ಸೇರಿದ್ದೆಂಬುದು ತಿಳಿದಿರುತ್ತದೆ.