ಪದ್ಮಿನಿಯ ಪಿತ್ತಪ್ರಕೋಪ

ಮುಂಬಯಿಯ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ, ಬಾನೆಟ್ಟನ್ನು ಮೇಲೆತ್ತಿಕೊಂಡು ಹಬೆಯುಗುಳುತ್ತ ವಿರಾಜಮಾನಳಾಗಿದ್ದ ವಯೋವೃದ್ಧೆ ಪ್ರೀಮಿಯರ್ ಪದ್ಮಿನಿಯನ್ನು, ಆಕೆಯ ಕೋಪವು ಒಂದಿಷ್ಟು ಶಮನಗೊಳ್ಳುವವರೆಗೆ ಕಾದಿದ್ದು, ಸಂದರ್ಶಿಸಲಾಯಿತು.

ಪ್ರಶ್ನೆ: ತಮ್ಮ ತವರು ಯಾವುದು?

ಪದ್ಮಿನಿ: ಇದೇ ಕುರ್ಲಾ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಕಾರ್ಖಾನೆಯಲ್ಲಿ ಜನಿಸಿದವಳು. ಕುಲ ಇಟಲಿಯ ಫಿಯಟ್, ಎಂಜಿನ್ 1089 ಸಿ.ಸಿ. ಕನ್ನಡವನ್ನು ಮಾತುಂಗದ ಉಡುಪಿ ಹೋಟೆಲುಗಳೆದುರು, ಮಾಲಿಕರ ಇಡ್ಲಿ ಮುಗಿಯುವವರೆಗೆ ಬಿಸಿಲಲ್ಲಿ ನಿಂತು ನಿಂತು ಕಲಿತೆ. ಟ್ಯಾಕ್ಸಿಗಳಾಗಿ ದುಡಿದ ನನ್ನ ಸೋದರಿಯರು ಇಪ್ಪತ್ತು ವರ್ಷಗಳ ವಯೋಮಿತಿಗೆ ತಲೆಬಾಗಿ ಒಬ್ಬೊಬ್ಬರಾಗಿ ತೆರಳಿ, 2023ರ ಅಕ್ಟೋಬರಿನಲ್ಲಿ ಕಡೆಯವಳೂ ನಿವೃತ್ತಳಾದಳು. ನಾನು ಖಾಸಗಿ ಸೊತ್ತಾದುದರಿಂದ ಇನ್ನೂ ಕುದಿಯುತ್ತಿದ್ದೇನೆ.

ಪ್ರಶ್ನೆ: ಖಂಡಾಲಾ ಘಾಟನ್ನೇ ಏರಿದ ತಾವು ಸಾಯನ್ ಸರ್ಕಲ್ಲಿನಲ್ಲಿ ಕುದಿಯುವುದೇಕೆ?

ಪದ್ಮಿನಿ: ಓಡುವಾಗ ಎದುರುಗಾಳಿ ರೇಡಿಯೇಟರನ್ನು ಹಾಯ್ದು ಹೋಗುತ್ತದೆ; ನಿಂತಾಗ ಫ್ಯಾನೊಂದೇ ಗತಿ. ಆ ಫ್ಯಾನಾದರೋ ನನ್ನ ಬೆಲ್ಟಿನಿಂದಲೇ ತಿರುಗತಕ್ಕದ್ದು. ಎಂಜಿನ್ ನಿಧಾನಿಸಿದರೆ ಅದೂ ನಿಧಾನ. ಗಾಳಿಯು ಅತ್ಯಗತ್ಯವಾದ ವೇಳೆಯಲ್ಲಿಯೇ ಅತ್ಯಲ್ಪವಾಗುವ ಈ ಏರ್ಪಾಟನ್ನು, ಮುಂಬಯಿಯ ಸಿಗ್ನಲ್ಲುಗಳನ್ನು ಕನಸಿನಲ್ಲಿಯೂ ಕಂಡರಿಯದ ಮಹನೀಯರಾರೋ ರಚಿಸಿರಬೇಕು.

ಪ್ರಶ್ನೆ: ಚಿಕಿತ್ಸೆಗಳು ನಡೆದಿಲ್ಲವೇ?

ಪದ್ಮಿನಿ: ನಡೆಯದೆ ಏನು! ಮಾಲಿಕರು ಬಲ್ಲ ಔಷಧ ಒಂದೇ, ಬಾಟಲಿ ನೀರು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರುಕುಬಿಟ್ಟೀತೆಂಬ ಭಯವೂ ಇಲ್ಲ, ನಿನ್ನೆ ಸುರಿದ ನೀರು ಎಲ್ಲಿಗೆ ಹೋಯಿತೆಂಬ ಜಿಜ್ಞಾಸೆಯೂ ಇಲ್ಲ. ಮೊದಲನೆಯ ಮೆಕ್ಯಾನಿಕ್, ಮುಂಬಯಿಯ ಹವೆಗೆ ಇದೇಕೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆದ. ಅಂದಿನಿಂದ ಮುಂಜಾನೆ ಮೈ ಬೆಚ್ಚಗಾಗುವುದೇ ತಡ. ಎರಡನೆಯವನು ರೇಡಿಯೇಟರಿನ ಸುಣ್ಣದ ಹಕ್ಕಳೆಯನ್ನು ತೆಗೆಸಿದ, ಅದು ನ್ಯಾಯವೇ. ಆಮೇಲೆ ನೆರೆಮನೆಯ ನಿವೃತ್ತ ಗುಮಾಸ್ತರು ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಅಪ್ಪಣೆ ಕೊಡಿಸಿದರು. ಆಯಿಲಿನ ಕಡ್ಡಿಯನ್ನೊಮ್ಮೆ ಎಳೆದು, ಹಿಂದೆಯೂ ಒಮ್ಮೆ ಇಣುಕಿ ನೋಡಿದ್ದರೆ, ಆಯಿಲು ಹಾಲು ಬೆರೆತ ಕಾಫಿಯಂತಾಗಿಲ್ಲವೆಂಬುದೂ, ಸೈಲೆನ್ಸರಿನಲ್ಲಿ ಬಿಳಿಹೊಗೆಯಿಲ್ಲವೆಂಬುದೂ ಅವರಿಗೆ ಗೋಚರಿಸುತ್ತಿತ್ತು.

ಪ್ರಶ್ನೆ: ಈಗಿನ ಮೆಕ್ಯಾನಿಕ್ ಏನೆನ್ನುತ್ತಾನೆ?

ಪದ್ಮಿನಿ: ಇವನಿನ್ನೂ ಹುಡುಗ. ಬಿಸಿಯಿರುವಾಗ ಮುಚ್ಚಳ ತೆರೆದವನ ಮುಖ ಬೇಯುವುದೆಂದು ಬಲ್ಲವನಾಗಿ, ನಾನು ಆರುವವರೆಗೂ ಚಹಾ ಕುಡಿಯುತ್ತ ಕುಳಿತ. ಬಳಿಕ ಹೆಬ್ಬೆರಳಿನಿಂದ ಬೆಲ್ಟನ್ನು ಅದುಮಿ, ಹೋಸುಗಳನ್ನು ಹಿಸುಕಿ, ಕಡೆಗೆ ರೇಡಿಯೇಟರಿನ ಮುಚ್ಚಳವನ್ನು ತಿರುವಿ ಮಗುಚಿ ಹಿಡಿದರೆ, ಒಳಗಿನ ರಬ್ಬರ್ ವಾಷರು ಒಣಗಿ ಸೀಳಿತ್ತು. ಅಂಚಿನಲ್ಲೆಲ್ಲ ಬಿಳಿಯ ಪುಡಿ. ಮುಚ್ಚಳವು ಒತ್ತಡವನ್ನು ಹಿಡಿದಿದ್ದರೆ ನನ್ನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಹಿಡಿಯದಿದ್ದರೆ ಓವರ್‌ಫ್ಲೋ ಪೈಪಿನ ಮಾರ್ಗವಾಗಿ ರಸ್ತೆಯ ಪಾಲಾಗುತ್ತದೆ.

ಪ್ರಶ್ನೆ: ಅಂದಮೇಲೆ ಮುಚ್ಚಳವೊಂದನ್ನು ಬದಲಾಯಿಸಿದರೆ ಸಾಕಲ್ಲ?

ಪದ್ಮಿನಿ: ಧಾರಾಳವಾಗಿ ಸಾಕು. ಆದರೆ ಇಷ್ಟು ದೀರ್ಘಕಾಲದ ವ್ಯಾಧಿಯು ಇಷ್ಟು ಅಗ್ಗದ ವಸ್ತುವಿನಿಂದ ಗುಣವಾಗುವುದೆಂದರೆ ಮಾಲಿಕರಿಗೆ ಅವಮಾನವಾದಂತಾಯಿತು. ಹುಡುಗನಿಗೆ ಅನುಭವ ಸಾಲದೆಂದು ತೀರ್ಮಾನಿಸಿ, ಎಂಜಿನನ್ನೇ ಇಳಿಸಬೇಕೆನ್ನುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತರಲು ಹೋಗಿದ್ದಾರೆ; ಹೋಗುವ ಮುನ್ನ ಬಂಪರಿಗೆ ಹೊಸದೊಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು.